ಪಡುವಣ ಗೋಡೆಗೆ ಏನು ತೊಡಿಸೋದು?

ಹಳೇ ಮಣ್ಣಿನ ಗೋಡೆಗೆ ಹೊರಗಿನಿಂದ ಸಿಮೆಂಟ್ ಬಳಿಸೋಣ ಅನ್ನೋರು ಈ ಬೇಸಿಗೆಯಲ್ಲೂ ಇದ್ದಾರೆ. ಬಳಿಸೋ ಮೊದಲು, ನಮ್ಮ ಮಲೆನಾಡು-ಕರಾವಳಿ ಕಡೆಯ ಮನೆಗಳ ಹೊರಮೈ ಹೇಗೆ ಬದಲಾಗುತ್ತಾ ಬಂತು ಅಂತ ಸ್ವಲ್ಪ ನೋಡಿ.

ಮುಂಗಾರಿನ ಗಾಳಿ ಬರೋದು ನೈಋತ್ಯದಿಂದ. ಹಾಗಾಗಿ ಎರಚಲು ಹೊಡೆಯೋದು ಪಡುವಣ, ತೆಂಕಣ ಗೋಡೆಗೇ ಹೆಚ್ಚು. ಹಳಬರು ಅಡಿಕೆ ದಬ್ಬೆಗೆ ಸೋಗೆ ಕಟ್ಟಿ ತಟ್ಟಿ ಮಾಡಿ, ಮಳೆ ಹಿಡಿಯೋ ಮುಂಚೆ ಆ ಗೋಡೆಗಳಿಗೆ ಕಟ್ಟುತ್ತಿದ್ದರು. ಕರಾವಳಿಯಲ್ಲಾದ್ರೆ ಹೆಣೆದ ತೆಂಗಿನ ಮಡಲು. ನೆನೆಯೋದು ಸೋಗೆ, ಗೋಡೆಯಲ್ಲ. ಮಳೆ ಮುಗಿದ ಮೇಲೆ ಬಿಚ್ಚಿದ್ರೆ ಗೋಡೆಗೆ ಬಿಸಿಲು, ಹಳೇ ಸೋಗೆ ತೋಟದ ಬುಡಕ್ಕೆ.

ಸಿಕ್ಕ ಕಡೆ ಜಂಬಿಟ್ಟಿಗೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಬುಕಾನನ್, ಈ ಕಲ್ಲು ನೆಲದಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗೋದನ್ನ ಬರೆದಿಟ್ಟ. ಲ್ಯಾಟರೈಟ್ ಅನ್ನೋ ಹೆಸರೂ ಅವನದೇ. ಒಳ್ಳೇ ಕಲ್ಲಾದ್ರೆ ಗಾರೆಯೇ ಬೇಡ.

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಮಾಡಿಗೆ ವರ್ಷ ವರ್ಷ ಹುಲ್ಲು, ಸೋಗೆ ಹೊದಿಸೋ ಕೆಲಸ ನಿಧಾನಕ್ಕೆ ತಪ್ಪಿತು. (ಹೆಂಚು ಸುಡೋಕೆ ಸೌದೆ ಬೇಕಲ್ಲ, ಅದರಲ್ಲಿ ಕಾಡಿನ ಲೆಕ್ಕವೂ ಇದೆ.) ಆದ್ರೆ ಸೂರು ಮಾತ್ರ ಮೊದಲಿನ ಹಾಗೇ ಮುಂದಕ್ಕೆ ಚಾಚಿಕೊಂಡಿತ್ತು. ಗೋಡೆ ಉಳಿಸಿದ್ದು ಅದೇ.

ತಾರಸಿ ಬಂತು, ಸೂರು ಮೋಟಾಯ್ತು, ಗೋಡೆ ಬತ್ತಲಾಯ್ತು. ಆಮೇಲೆ ಶುರುವಾಗಿದ್ದು ಸಿಮೆಂಟು, ಬಣ್ಣ, ಶೀಟುಗಳ ಓಟ. ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಸಿಮೆಂಟ್ ಅದರ ಜೊತೆ ಆಡಲ್ಲ, ಬಿರುಕು ಬಿಡುತ್ತೆ. ಬಿರುಕಿನಲ್ಲಿ ಒಳಗೆ ಹೋದ ನೀರು ಹೊರಗೆ ಬರೋಕೆ ದಾರಿಯಿಲ್ಲ. ಕೊನೆಗೆ ಗಾರೆ ಮಣ್ಣನ್ನೂ ಕಿತ್ಕೊಂಡೇ ಬೀಳುತ್ತೆ. ಸುಣ್ಣದ ಗಾರೆ ಹಾಗಲ್ಲ, ತೇವ ಹೊರಗೆ ಬಿಡುತ್ತೆ. ಕಲ್ನಾರಿನ ಶೀಟಂತೂ ಬೇಡವೇ ಬೇಡ, ಒಡೆದ್ರೆ ಅದರ ನಾರು ಶ್ವಾಸಕೋಶಕ್ಕೆ.

ಹೊಸದಾಗಿ ಕಟ್ಟೋರಿಗೆ ಒತ್ತಿದ ಮಣ್ಣಿನ ಇಟ್ಟಿಗೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಸ್ವಲ್ಪ ಸಿಮೆಂಟ್ ಸೇರುತ್ತೆ, ಆದ್ರೆ ಭಟ್ಟಿಯಲ್ಲಿ ಸುಡೋದಿಲ್ಲ. ಅದಕ್ಕೂ ಅಗಲದ ಸೂರು ಬಿಡಿಸಿ.

ಹಳೇ ಮನೆಯವರು ಸುಣ್ಣದ ಗಾರೆ ಮಾಡಿಸೋದಾದ್ರೆ ಮಳೆ ಮುಗಿದ ಮೇಲೆ ಮಾಡಿಸಿ. ಅದು ಗಟ್ಟಿಯಾಗೋಕೆ ವಾರಗಟ್ಟಲೆ ಬೇಕು, ಮೇ ಕೊನೆಗೆ ಹಿಡಿದ್ರೆ ಆಗೋ ಕೆಲಸ ಅಲ್ಲ. ಈ ವರ್ಷಕ್ಕೆ ಸೋಗೆ ತಟ್ಟಿ ಕಟ್ಟಿಬಿಡಿ.