ಪ್ರಾದೇಶಿಕ ಯೋಜನೆಗಳಲ್ಲಿ ಸಾಮಾಜಿಕ ಜಾಲತಾಣ

ರಸ್ತೆ, ರೈಲು, ನೀರಿನಂಥ ಅಭಿವೃದ್ಧಿ ಕಾಮಗಾರಿಗಳ ಮಾಹಿತಿ, ದೂರು, ಜನಾಭಿಪ್ರಾಯಗಳಿಗೆ ಎಕ್ಸ್, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳನ್ನು ಬಳಸುವ ಕ್ರಮ. ನವಿ ಮುಂಬಯಿಯ ಐರೋಲಿಯಂಥ ಊರಿನಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ. ಅಲ್ಲಿ ಒಂದೊಂದು ಕೆಲಸ ಒಂದೊಂದು ಸಂಸ್ಥೆಯದು. ಉಪನಗರವನ್ನು ರೂಪಿಸಿದ್ದು 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಎಂಬ ಸರ್ಕಾರಿ ನಗರ ಯೋಜನಾ ಸಂಸ್ಥೆ. ನಾಗರಿಕ ಸೇವೆ 1992ರಲ್ಲಿ ಆರಂಭವಾದ ಮಹಾನಗರಪಾಲಿಕೆಯದು. ಪಾರ್ಸಿಕ್ ಗುಡ್ಡ ಕೊರೆದು ಡೊಂಬಿವಲಿಯತ್ತ ಹೋಗುವ ಕಟೈ ನಾಕಾ ರಸ್ತೆ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ್ದು (ಎಂಎಂಆರ್‌ಡಿಎ). ಕಲ್ಯಾಣ್ ಪ್ರಯಾಣಿಕರಿಗೆ ಠಾಣೆಯ ಸುತ್ತು ತಪ್ಪಿಸಲೆಂದು ಯೋಜಿಸಿದ ಐರೋಲಿ–ಕಳವಾ ರೈಲು ಕೊಂಡಿ ಮುಂಬಯಿ ರೈಲು ವಿಕಾಸ ನಿಗಮದ್ದು (ಎಂಆರ್‌ವಿಸಿ). ಯಾವ ಕಚೇರಿಯ ಬಾಗಿಲು ತಟ್ಟಬೇಕೆಂದು ತಿಳಿಯದ ನಿವಾಸಿ ಒಂದೇ ಪೋಸ್ಟಿನಲ್ಲಿ ಎಲ್ಲರನ್ನೂ ಟ್ಯಾಗ್ ಮಾಡಬಲ್ಲ. ಈ ಮಾಧ್ಯಮದ ನಿಜವಾದ ಬಲ ಇದೇ.

ಯೋಜನೆಯ ದಿಕ್ಕೇ ಬದಲಾದ ನಿದರ್ಶನ ಬೆಂಗಳೂರಿನದು. ಬಸವೇಶ್ವರ ವೃತ್ತ–ಹೆಬ್ಬಾಳ ನಡುವಿನ ಉಕ್ಕಿನ ಮೇಲ್ಸೇತುವೆಗೆ ಜಾಲತಾಣದಲ್ಲಿ ಹಬ್ಬಿದ ‘ಬೇಡ’ ಎಂಬ ಕೂಗು 2016ರ ಅಕ್ಟೋಬರ್ 16ರಂದು ಮಾನವ ಸರಪಳಿಯಾಗಿ ಬೀದಿಗಿಳಿಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಉಪನಗರ ರೈಲಿಗಾಗಿ ‘ಚುಕುಬುಕು ಬೇಕು’ ಎಂಬ ಅಭಿಯಾನವೂ ಆ ವರ್ಷಗಳದೇ.

ಆದರೆ ಪೋಸ್ಟು ಅರ್ಜಿಯಲ್ಲ. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯಡಿ ಕರಡು ಯೋಜನೆಗೆ ಆಕ್ಷೇಪಣೆಯನ್ನು ನಿಗದಿತ ಅವಧಿಯೊಳಗೆ ಲಿಖಿತವಾಗಿಯೇ ಸಲ್ಲಿಸಬೇಕು. ಮೊಬೈಲು ಹಿಡಿಯದ ಕೋಳಿ ಸಮುದಾಯದ ಹಿರಿಯ ಮೀನುಗಾರರ ಮಾತನ್ನು ಕೇಳಲು ಅಧಿಕಾರಿ ಖಾಡಿಯ (ಸಮುದ್ರದ ಹಿನ್ನೀರಿನ) ದಡಕ್ಕೇ ಹೋಗಬೇಕು.