ಹರಿದ ರಸೀದಿಗಳ ಕಾಲುವೆ

ಇವತ್ತಿನ ಎಪಿಸೋಡ್‌ನಲ್ಲಿ ಅಮೆರಿಕದ ಒಂದು ಕಾಲುವೆ, ಅದರಲ್ಲಿ ದೋಣಿ ನಡೆಸಿದ ಒಬ್ಬ ಮನುಷ್ಯ, ಆಮೇಲೆ ಒಂದು ಲೆಕ್ಕ.

ಯೂಟ್ಯೂಬ್‌ನಲ್ಲಿ ಇಂಥ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಗಂಡ, ಹೆಂಡತಿ, ಒಂದು ನಾಯಿ, ಮೂವತ್ತು ಅಡಿಯ ಹಾಯಿದೋಣಿ. ಚಳಿಗಾಲ ಹತ್ತಿರ ಬಂತು ಅಂದ್ರೆ ಇಂಥ ಎಷ್ಟೋ ಪುಟ್ಟ ದೋಣಿಗಳು ಅಮೆರಿಕದ ಉತ್ತರದಿಂದ ಫ್ಲಾರಿಡಾ ಕಡೆಗೆ ಹೊರಡುತ್ತವೆ. ಇವು ಹೋಗುವ ದಾರಿಯ ಹೆಸರು ಇಂಟ್ರಾಕೋಸ್ಟಲ್ ವಾಟರ್‌ವೇ. ಕರಾವಳಿಯ ಉದ್ದಕ್ಕೂ, ಸಮುದ್ರಕ್ಕೆ ಇಳಿಯದೆ, ಹಿನ್ನೀರು, ನದಿ, ಕಾಲುವೆಗಳನ್ನ ಪೋಣಿಸಿ ಮಾಡಿದ ಜಲಮಾರ್ಗ. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಇದರ ಸೊನ್ನೆ ಮೈಲಿ. ಅಲ್ಲಿಂದ ಮಯಾಮಿಗೆ ಸುಮಾರು 1,750 ಕಿಲೋಮೀಟರ್. ದೋಣಿಯ ವೇಗ ಗಂಟೆಗೆ ಎಂಟೋ ಹತ್ತೋ ಕಿಲೋಮೀಟರ್, ಅಂದ್ರೆ ನಮ್ಮ ಸೈಕಲ್‌ಗಿಂತ ನಿಧಾನ.

ಸಮುದ್ರ ಪಕ್ಕದಲ್ಲೇ ಇರುವಾಗ ಒಳಗಿಂದ ಯಾಕೆ ಹೋಗಬೇಕು? ಮರವಂತೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ಕಡೆ ಅಬ್ಬರಿಸುವ ಕಡಲು, ಇನ್ನೊಂದು ಕಡೆ ತಣ್ಣಗಿರುವ ಸೌಪರ್ಣಿಕಾ, ನಡುವೆ ಒಂದು ಪಟ್ಟಿ ನೆಲ. ನಾರ್ತ್ ಕ್ಯಾರೊಲೈನಾದ ಕರಾವಳಿಯೂ ಹೀಗೇ, ಆದರೆ ನೂರಾರು ಕಿಲೋಮೀಟರ್ ಉದ್ದಕ್ಕೆ. ಆ ಮರಳಿನ ಪಟ್ಟಿಯ ಹೊರಗಡೆ ಕೇಪ್ ಹ್ಯಾಟರಸ್ ಇದೆ. ಬಿಸಿ ಮತ್ತು ತಣ್ಣನೆಯ ಪ್ರವಾಹಗಳು ಸೇರುವ ಜಾಗ, ಜೊತೆಗೆ ಜಾಗ ಬದಲಿಸುವ ಮರಳುದಿಬ್ಬಗಳು. ಅಲ್ಲಿ ಮುಳುಗಿದ ಹಡಗುಗಳು ಎಷ್ಟು ಅಂದ್ರೆ, ಆ ಕಡಲಿಗೆ ಅಟ್ಲಾಂಟಿಕ್‌ನ ಸ್ಮಶಾನ ಅಂತಲೇ ಹೆಸರು. ಸಣ್ಣ ದೋಣಿಯವರು ಒಳದಾರಿ ಹಿಡಿಯೋದು ಇದಕ್ಕೇ.

ನಾರ್ಫೋಕ್ ದಾಟಿದ ಮೇಲೆ ದಾರಿ ಎರಡಾಗುತ್ತೆ. ಅದರಲ್ಲೊಂದು ಡಿಸ್ಮಲ್ ಸ್ವಾಂಪ್ ಕಾಲುವೆ. ಉದ್ದ 35 ಕಿಲೋಮೀಟರ್, ನೂಲು ಹಿಡಿದ ಹಾಗೆ ನೇರ. ಇಲ್ಲಿ ಹಾಯಿ ಇಳಿಸಿ ಎಂಜಿನ್ ಮೇಲೆ ಹೋಗ್ತಾರೆ. ಎರಡೂ ತುದಿಯಲ್ಲಿ ಲಾಕ್ ಇದೆ. ದೋಣಿ ಒಳಗೆ ಹೋದ ಮೇಲೆ ಗೇಟ್ ಮುಚ್ಚಿ ನೀರು ತುಂಬಿಸ್ತಾರೆ, ದೋಣಿ ಸುಮಾರು ಎಂಟು ಅಡಿ ಮೇಲಕ್ಕೆ ಬರುತ್ತೆ. ಇನ್ನೊಂದು ತುದಿಯಲ್ಲಿ ಅದೇ ರೀತಿ ಕೆಳಗಿಳಿಸ್ತಾರೆ. ನೀರಿನ ಬಣ್ಣ ಕಾಫಿ ಡಿಕಾಕ್ಷನ್‌ನಂತೆ, ಜೌಗಿನ ಮರಗಳ ಒಗರು ಇಳಿದು ಹಾಗಾಗಿದೆ. ಎರಡೂ ಬದಿ ಕಾಡು. ಬಹಳ ಪ್ರಶಾಂತ ಅಂತ ಎಲ್ಲರೂ ಹೇಳ್ತಾರೆ.

ಸರಿ, ಇದನ್ನ ಅಗೆದವರು ಯಾರು?

ಈ ಜೌಗಿನಲ್ಲಿ ಲಾಭ ಇದೆ ಅಂತ ಮೊದಮೊದಲು ಕಂಡವರಲ್ಲಿ ಜಾರ್ಜ್ ವಾಷಿಂಗ್ಟನ್ ಒಬ್ಬರು. ಅಧ್ಯಕ್ಷರಾಗುವುದಕ್ಕೆ ಬಹಳ ಮುಂಚೆ, 1763ರಲ್ಲಿ ಅವರು ಇಲ್ಲಿಗೆ ಬಂದಿದ್ದರು. ಕಾಲುವೆ ಕೆಲಸ ಶುರುವಾಗಿದ್ದು 1793ರಲ್ಲಿ, ದೋಣಿಗೆ ತೆರೆದದ್ದು 1805ರಲ್ಲಿ. ಹನ್ನೆರಡು ವರ್ಷ. ಯಂತ್ರ ಇಲ್ಲ, ಸಲಿಕೆ, ಕೊಡಲಿ, ಕೈ. ಅಗೆದವರು ಹೆಚ್ಚಾಗಿ ಕಪ್ಪು ಗುಲಾಮರು. ಕಂಪನಿ ಅವರನ್ನ ಯಜಮಾನರಿಂದ ಬಾಡಿಗೆಗೆ ತಗೋತಿತ್ತು. ದುಡಿಮೆ ಇವರದ್ದು, ಬಾಡಿಗೆ ಯಜಮಾನನ ಜೇಬಿಗೆ.

ಆ ಜೌಗಿನ ಕೆಲಸ ಹೇಗಿತ್ತು ಅಂತ ಕಣ್ಣಾರೆ ಕಂಡು ಹೇಳಿದವನು ಮೋಸಸ್ ಗ್ರ್ಯಾಂಡಿ. ನಾರ್ತ್ ಕ್ಯಾರೊಲೈನಾದ ಕ್ಯಾಮ್ಡನ್ ಕೌಂಟಿಯಲ್ಲಿ ಗುಲಾಮನಾಗಿಯೇ ಹುಟ್ಟಿದವನು. ಅವನ ಆತ್ಮಕಥೆ 1843ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು. ಜನ ಸೊಂಟದವರೆಗೆ, ಕೆಲವೊಮ್ಮೆ ಅದಕ್ಕಿಂತ ಮೇಲಿನವರೆಗೆ ಕೆಸರಿನಲ್ಲಿ ನಿಂತು ಬೇರು ಕಡಿಯುತ್ತಿದ್ದರು, ರಾಡಿ ಎತ್ತುತ್ತಿದ್ದರು ಅಂತಾನೆ. ಹಿಂದಿನ ದಿನದ ಪಾಲಿನ ಕೆಲಸ ಮುಗಿಯದಿದ್ದರೆ ಬೆಳಗ್ಗೆ ಕಟ್ಟಿ ಹಾಕಿ ಹೊಡೆತ, ಆಮೇಲೆ ಗಾಯದ ಮೇಲೆ ಉಪ್ಪುನೀರು.

ಗ್ರ್ಯಾಂಡಿ ದೋಣಿ ನಡೆಸೋದರಲ್ಲಿ ನಿಪುಣ. 1812ರಲ್ಲಿ ಬ್ರಿಟನ್ ಜೊತೆ ಯುದ್ಧ ಶುರುವಾಯ್ತು. ಬ್ರಿಟಿಷ್ ನೌಕಾಪಡೆ ಚೆಸಪೀಕ್ ಕೊಲ್ಲಿಯ ಬಾಯಿ ಕಟ್ಟಿತು. ಸಮುದ್ರದ ದಾರಿ ಬಂದ್, ಒಳದಾರಿಗೆ ಒಮ್ಮೆಲೇ ಬೆಲೆ. ಎಲಿಜಬೆತ್ ಸಿಟಿಯಿಂದ ನಾರ್ಫೋಕ್‌ಗೆ ಈ ಕಾಲುವೆಯಲ್ಲಿ ಸರಕಿನ ದೋಣಿಗಳನ್ನ ನಡೆಸಿದವರಲ್ಲಿ ಗ್ರ್ಯಾಂಡಿಯೂ ಒಬ್ಬ. ಯಜಮಾನನಿಗೆ ಇಷ್ಟು ಅಂತ ಕಟ್ಟಿ, ಉಳಿದದ್ದನ್ನ ಕೂಡಿಡುತ್ತಿದ್ದ. ಯಾಕೆ? ತನ್ನನ್ನ ತಾನೇ ಕೊಂಡುಕೊಳ್ಳೋಕೆ.

ಯಜಮಾನನ ಹೆಸರು ಜೇಮ್ಸ್ ಗ್ರ್ಯಾಂಡಿ. ಇಬ್ಬರೂ ಚಿಕ್ಕಂದಿನಲ್ಲಿ ಜೊತೆಗೆ ಆಡಿದವರು. ಬೆಲೆ 600 ಡಾಲರ್ ಅಂತ ಮಾತಾಯ್ತು. ಮೋಸಸ್ ಕಂತು ಕಂತಾಗಿ ಕಟ್ಟಿದ, ಪ್ರತಿ ಕಂತಿಗೂ ರಸೀದಿ ಇತ್ತು. ಕೊನೆಯ ಕಂತು ಕೊಟ್ಟ ದಿನ ಯಜಮಾನ ಅಷ್ಟೂ ರಸೀದಿಗಳನ್ನ ಹರಿದು ಹಾಕಿದ. ಹೀಗೆ ಮಾಡಬಾರದಿತ್ತು ಅಂತ ಮೋಸಸ್ ಹೇಳಿದ್ದಕ್ಕೆ, ಚಿಂತೆ ಬೇಡ, ಕೋರ್ಟ್ ದಿನ ಬಿಡುಗಡೆ ಪತ್ರ ಕೊಡ್ತೀನಿ ಅಂದ. ಅದಾದ ಮೇಲೆ ಅದೇ 600 ಡಾಲರ್‌ಗೆ ಅವನನ್ನ ಟ್ರುವಿಟ್ ಅನ್ನೋ ಇನ್ನೊಬ್ಬನಿಗೆ ಮಾರಿದ.

ನಾನು ಬಿ.ಕಾಂ. ಓದಿದವನು. ವೋಚರ್ ಕಳೆದುಕೊಂಡ್ರೆ ಲೆಕ್ಕವೇ ಇಲ್ಲ ಅಂತ ನಮಗೆ ಮೊದಲ ಸೆಮಿಸ್ಟರ್‌ನಿಂದ ಹೇಳಿಕೊಡ್ತಾರೆ. ಆದರೆ ಇಲ್ಲಿ ರಸೀದಿ ಇದ್ದಿದ್ದರೂ ಏನು ಮಾಡಬಹುದಿತ್ತು? ಗುಲಾಮ ಮಾಡಿಕೊಂಡ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಬಿಳಿಯನ ವಿರುದ್ಧ ಅವನ ಸಾಕ್ಷಿ ನಡೆಯೋದಿಲ್ಲ. ಅವನ ದುಡ್ಡೂ ಕಾನೂನಿನ ಪ್ರಕಾರ ಯಜಮಾನನದ್ದೇ.

ಟ್ರುವಿಟ್‌ಗೂ ಮತ್ತೆ 600 ಕಟ್ಟಿದ. ಟ್ರುವಿಟ್ ಸಾಲದಲ್ಲಿ ಮುಳುಗಿದ್ದ. ಸಾಲಕ್ಕೆ ಅಡವಿಟ್ಟಿದ್ದು ಯಾರನ್ನ? ಮೋಸಸ್‌ನನ್ನೇ. ಎರಡನೇ ಸಲವೂ ಮೋಸ. ಕೊನೆಗೆ ಎಡ್ವರ್ಡ್ ಮಿನ್ನರ್ ಅನ್ನೋ ಕ್ಯಾಪ್ಟನ್ 650 ಡಾಲರ್ ಕೊಟ್ಟು ಕೊಂಡು, ಅವನನ್ನ ಬಿಡುಗಡೆ ಮಾಡಿದ. ಆ ಹಣವನ್ನೂ ಮೋಸಸ್ ದುಡಿದು ತೀರಿಸಿದ. ಕೂಡಿಸಿ ನೋಡಿ: 600, 600, 650. ಒಟ್ಟು 1,850 ಡಾಲರ್, ಒಬ್ಬನೇ ಮನುಷ್ಯನಿಗೆ.

ಇಷ್ಟರ ನಡುವೆ ಲೆಕ್ಕಕ್ಕೆ ಸಿಗದ ಒಂದು ನಷ್ಟ ಆಗಿತ್ತು. ಮದುವೆಯಾಗಿ ಕೆಲವೇ ತಿಂಗಳು. ಒಂದು ದಿನ ಕಾಲುವೆ ದೋಣಿಯ ಕೆಲಸದಲ್ಲಿದ್ದಾಗ ಹಿಂದೆ ಗಲಾಟೆ ಕೇಳಿಸಿತು. ತಿರುಗಿ ನೋಡಿದರೆ ಮಾರಾಟವಾದ ಗುಲಾಮರ ಗುಂಪು, ಅದರಲ್ಲಿ ಅವನ ಹೆಂಡತಿ. ಕೊಂಡವನು ಪಿಸ್ತೂಲು ತೆಗೆದ. ಕೈ ಹಿಡಿಯೋದಕ್ಕೂ ಬಿಡಲಿಲ್ಲ, ದೂರ ನಿಂತು ಮಾತಾಡಿದ ಅಷ್ಟೇ. ಆಮೇಲೆ ಅವಳನ್ನ ಅವನು ಯಾವತ್ತೂ ನೋಡಲಿಲ್ಲ. ಮುಂದೆ ಸ್ವತಂತ್ರನಾಗಿ ಬಾಸ್ಟನ್ ಸೇರಿ ದುಡಿದು, ಎರಡನೇ ಹೆಂಡತಿಯನ್ನ, ಒಬ್ಬ ಮಗನನ್ನ ದುಡ್ಡು ಕೊಟ್ಟು ಬಿಡಿಸಿಕೊಂಡ. ಪುಸ್ತಕ ಬಂದದ್ದು ಕೂಡ ಉಳಿದ ಬಂಧುಗಳನ್ನ ಬಿಡಿಸೋಕೆ ಹಣ ಕೂಡಿಸಲು.

ಅದೇ ಜೌಗು ಕೆಲವರಿಗೆ ಆಸರೆಯೂ ಆಗಿತ್ತು. ಓಡಿಬಂದ ಗುಲಾಮರು ಅದರ ನಡುವಿನ ಒಣ ದಿಬ್ಬಗಳ ಮೇಲೆ ಬದುಕು ಕಟ್ಟಿಕೊಂಡಿದ್ದರು. ಪುರಾತತ್ವ ತಜ್ಞರಿಗೆ ಅದರ ಕುರುಹು ಸಿಕ್ಕಿದೆ.

ಕಾಲುವೆಯ ಮುಂದಿನ ಕಥೆ ಚಿಕ್ಕದು. 1859ರಲ್ಲಿ ಪಕ್ಕದಲ್ಲೇ ಆಲ್ಬೆಮಾರ್ಲ್ ಚೆಸಪೀಕ್ ಕಾಲುವೆ ತೆರೆಯಿತು. ಅದನ್ನ ತೋಡೋಕೆ ಉಗಿಯಂತ್ರ ಬಂದಿತ್ತು. ವ್ಯಾಪಾರ ಆ ಕಡೆ ಹೋಯ್ತು. 1929ರಲ್ಲಿ ಸರ್ಕಾರ ಡಿಸ್ಮಲ್ ಸ್ವಾಂಪ್ ಕಾಲುವೆಯನ್ನ ಕೊಂಡಿತು. 1942ರಲ್ಲಿ ಜರ್ಮನ್ ಸಬ್‌ಮರೀನ್‌ಗಳು ಹ್ಯಾಟರಸ್ ಬಳಿ ಹಡಗು ಮುಳುಗಿಸುತ್ತಿದ್ದಾಗ ಒಳದಾರಿಗೆ ಮತ್ತೆ ಬೆಲೆ ಬಂತು. ಈಗ ಅಲ್ಲಿ ಹೆಚ್ಚಾಗಿ ವಿಹಾರದ ದೋಣಿಗಳು.

ನಾರ್ತ್ ಕ್ಯಾರೊಲೈನಾ ಕಡೆ ಕಾಲುವೆ ದಡದಲ್ಲಿ ಒಂದು ಸ್ವಾಗತ ಕೇಂದ್ರ ಇದೆ. ಹೆದ್ದಾರಿಯಲ್ಲಿ ಕಾರಿನವರೂ, ನೀರಿನಲ್ಲಿ ದೋಣಿಯವರೂ ಅಲ್ಲಿ ನಿಲ್ಲಬಹುದು. ದೋಣಿಯವರ ಕೈಯಲ್ಲಿರೋ ನಕ್ಷೆಯಲ್ಲಿ ಆಳ, ಸೇತುವೆ, ಲಾಕ್ ಎಲ್ಲ ಇರುತ್ತೆ. ಅಗೆದವರ ಹೆಸರು ಇರೋದಿಲ್ಲ. ಒಳದಾರಿ ಸುರಕ್ಷಿತ ಅಂತ ಹೇಳುವಾಗ, ಆ ಸುರಕ್ಷತೆಗೆ ದುಡ್ಡು ಕಟ್ಟಿದವರು ಯಾರು, ರಸೀದಿ ಯಾರ ಕೈಗೆ ಹೋಯ್ತು ಅಂತ ಒಮ್ಮೆ ಕೇಳಿಕೊಳ್ಳಬೇಕು. ನಮ್ಮ ಊರಿನ ಹಳೇ ಕಾಲುವೆ, ಕಟ್ಟೆಗಳ ಬಗ್ಗೆಯೂ ಇದೇ ಪ್ರಶ್ನೆ ಕೇಳಬಹುದು.

ನಿಮ್ಮೂರಲ್ಲಿ ಅಂಥ ಕಥೆ ಇದ್ದರೆ ನನಗೆ ಬರೆದು ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.