ಇಟ್ಟಿಗೆ ಪುಡಿಗೆ ಹೋಗದ ಕಲೆ



ಹತ್ತನೇ ತರಗತಿಯ ಗ್ರೂಪ್ ಫೋಟೋ ಎಂದರೆ ನಮ್ಮ ಮಡಕಶಿರಾ ಸೀಮೆಯ ಕನ್ನಡ ಶಾಲೆಗಳಲ್ಲಿ ಒಂದು ಹಬ್ಬವೇ ಸರಿ. ಇಸ್ತ್ರಿ ಮಾಡಿದ ಯೂನಿಫಾರಂ, ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ ರಿಬ್ಬನ್. ಆದರೆ ಫೋಟೋದವರು "ಸ್ವಲ್ಪ ನಗ್ರಪ್ಪ" ಎಂದಾಗ ನಾಲ್ಕೈದು ಮಕ್ಕಳು ತುಟಿ ಬಿಗಿದುಕೊಂಡೇ ಕೂತಿರುತ್ತಾರೆ. ಹಲ್ಲಿನ ಮೇಲೆ ಕಂದು ಪಟ್ಟೆ ಇರುವ ಮಕ್ಕಳು ಅವರು.

ಒಂದು ವರ್ಷ ಫೋಟೋದ ಹಿಂದಿನ ದಿನ ಒಬ್ಬ ಹುಡುಗಿ ವಸಡು ಊದಿಸಿಕೊಂಡು ಬಂದಳು. ಒಂದು ವಾರದಿಂದ ಇಟ್ಟಿಗೆ ಪುಡಿಗೆ ನಿಂಬೆರಸ ಹಿಂಡಿ ಹಲ್ಲು ಉಜ್ಜಿದ್ದಳಂತೆ. "ತಣ್ಣೀರು ಕುಡಿದ್ರೆ ಹಲ್ಲು ಜುಮ್ ಅನ್ನುತ್ತೆ ಸಾರ್" ಎಂದಳು. ಕಲೆ ಮಾತ್ರ ಹಾಗೇ ಇತ್ತು. ವಿಚಾರಿಸಲು ಮನೆಗೆ ಹೋದರೆ ಅವಳ ಅಜ್ಜಿ ನಮ್ಮನ್ನೇ ಕೇಳಿದರು: "ನಾನು ಹುಟ್ಟಿದಾಗಿನಿಂದ ಬೂದಿ, ಇಟ್ಟಿಗೆ ಪುಡಿಯಲ್ಲೇ ಉಜ್ಜಿದ್ದು ಮೇಷ್ಟ್ರೇ. ನನ್ನ ಹಲ್ಲಿಗೆ ಇಲ್ಲದ ಕಲೆ ಇವಳ ಹಲ್ಲಿಗೆ ಯಾಕೆ ಬಂತು?"

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ನೆಟ್ಟಗೆ ಉತ್ತರವಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಅದೇ ಮಕ್ಕಳಿಗೆ ಪ್ರಾರ್ಥನೆಯ ಸಾಲಿನಲ್ಲಿ "ಹಲ್ಲು ಉಜ್ಜೋದಿಲ್ಲವೇನ್ರೋ" ಎಂದು ಗದರಿದವರು ನಾವೇ. ಹಾಗಾಗಿ ಈ ಬಾರಿ ಹಲ್ಲು ಬೆಳ್ಳಗೆ ಮಾಡಿಕೊಳ್ಳುವ ಚರಿತ್ರೆಯನ್ನೇ ಬರೆಯೋಣ ಎನಿಸಿತು.

ನಮ್ಮ ದೇಶದಲ್ಲಿ ಹಲ್ಲುಜ್ಜುವ ಕಡ್ಡಿಯ ಕಥೆ ಬಹಳ ಹಳೆಯದು. ಸುಶ್ರುತ ಸಂಹಿತೆಯು ಹನ್ನೆರಡು ಅಂಗುಲ ಉದ್ದದ, ಕಿರುಬೆರಳ ದಪ್ಪದ ಕಡ್ಡಿಯನ್ನು ಹೇಳುತ್ತದೆ. ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಖಾರದಲ್ಲಿ ಹೊಂಗೆ ಶ್ರೇಷ್ಠ ಎನ್ನುತ್ತದೆ. ವಸಡಿಗೆ ನೋವಾಗದಂತೆ ಉಜ್ಜಬೇಕು ಎಂದು ಚರಕ ಸಂಹಿತೆ ಎಚ್ಚರಿಸುತ್ತದೆ. ಅಲ್ಲಿ ಮುಖ್ಯವಾದದ್ದು ಬಾಯಿ ಶುದ್ಧವಾಗಿ, ರುಚಿ ತಿಳಿಯುವಂತೆ ಇರುವುದು.

ಬಿಳುಪಿನ ಹುಚ್ಚು ಹೇಗಿತ್ತು ಎನ್ನಲು ಪ್ರಾಚೀನ ರೋಮ್ ನೋಡಬೇಕು. ಕ್ರಿಸ್ತಪೂರ್ವ ಮೊದಲ ಶತಮಾನದ ಕವಿ ಕಟುಲ್ಲಸ್, ಸ್ಪೇನ್ ಕಡೆಯಿಂದ ಬಂದ ಎಗ್ನೇಷಿಯಸ್ ಎಂಬುವನನ್ನು ಲೇವಡಿ ಮಾಡಿ ಪದ್ಯ ಬರೆದ. ಅವನು ಸದಾ ಹಲ್ಲು ಕಿರಿಯುತ್ತಿದ್ದನಂತೆ, ಆ ಹಲ್ಲನ್ನು ಉಜ್ಜುತ್ತಿದ್ದುದು ಮೂತ್ರದಲ್ಲಂತೆ! ನಗು ಬರುತ್ತದೆ. ಆದರೆ ಇಟ್ಟ ಮೂತ್ರದಲ್ಲಿ ಅಮೋನಿಯ ಹುಟ್ಟುತ್ತದೆ, ರೋಮಿನ ಅಗಸರು ಬಟ್ಟೆ ಒಗೆಯುತ್ತಿದ್ದುದೂ ಅದರಲ್ಲೇ.

ಮುಂದೆ ಯುರೋಪಿನಲ್ಲಿ ಕ್ಷೌರಿಕರೇ ಹಲ್ಲಿನ ವೈದ್ಯರೂ ಆಗಿದ್ದರು. ಅವರು ಹಲ್ಲಿನ ಮೇಲ್ಭಾಗವನ್ನು ಅರದಿಂದ ಉಜ್ಜಿ, ಮೇಲೆ ನೈಟ್ರಿಕ್ ಆಮ್ಲ ಸವರುತ್ತಿದ್ದರು. ಹಲ್ಲು ಕೂಡಲೇ ಬೆಳ್ಳಗಾಗುತ್ತಿತ್ತು, ಗಿರಾಕಿ ಖುಷಿಯಾಗಿ ದುಡ್ಡು ಕೊಟ್ಟು ಹೋಗುತ್ತಿದ್ದ. ಮುಂದೆ ಅದೇ ಹಲ್ಲು ಹುಳುಕಾಗುತ್ತಿತ್ತು. ಅವರು ತೆಗೆದದ್ದು ಕೊಳೆಯನ್ನಲ್ಲ, ಹಲ್ಲನ್ನೇ.

ಯಾಕೆ ಹೀಗೆ? ಹಲ್ಲಿನ ಮೇಲೆ ಎನಾಮಲ್ ಎಂಬ ಕವಚವಿದೆ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇಲ್ಲ. ಆದರೆ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೆ ಇಲ್ಲವಾಗುತ್ತವೆ. ಚರ್ಮ ತರಚಿದರೆ ಮತ್ತೆ ಬರುತ್ತದೆ, ಮೂಳೆ ಮುರಿದರೆ ಕೂಡುತ್ತದೆ, ಸವೆದ ಎನಾಮಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ. ವಿಜ್ಞಾನ ಪಾಠದ ಮೋಸ್ ಗಡಸುತನದ ಪಟ್ಟಿಯಲ್ಲಿ ಎನಾಮಲ್ ಸುಮಾರು 5ರಲ್ಲಿದೆ. ಇಟ್ಟಿಗೆಯಲ್ಲಿರುವ ಮರಳಿನ ಕಣ 7ರಲ್ಲಿದೆ. ಗೆಲ್ಲುವುದು ಯಾರು ಎಂದು ಮಕ್ಕಳೇ ಹೇಳಬಲ್ಲರು. ಇನ್ನು ನಿಂಬೆರಸ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ, ನಿಂಬೆರಸದ್ದು 2ರ ಆಸುಪಾಸು. ಮೊದಲು ಹುಳಿಯಿಂದ ಮೆತ್ತಗೆ ಮಾಡಿ, ಆಮೇಲೆ ಮರಳಿನಿಂದ ಕೆರೆದಂತೆ. ಎನಾಮಲ್ ತೆಳುವಾದಷ್ಟೂ ಒಳಗಿನ ಹಳದಿ ಪದರ ಹೆಚ್ಚು ಕಾಣುತ್ತದೆ. ಬೆಳ್ಳಗಾಗಲು ಉಜ್ಜಿದ್ದು ಹಳದಿಯಾಗುತ್ತದೆ!

ನಮ್ಮ ಮನೆಗಳಲ್ಲಿ ಬೂದಿ, ಇದ್ದಿಲು, ಉಪ್ಪು ಎಲ್ಲವೂ ಇದ್ದವು. ಆಮೇಲೆ ಹಲ್ಲುಪುಡಿ ಬಂತು. 1913ರಲ್ಲಿ ಬಿ. ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿಯ ಹೆಸರು ಕೇಳದ ಕನ್ನಡದ ಹಿರಿಯರು ಕಡಿಮೆ. ಈಗ ಇದ್ದಿಲು ಟೂತ್‌ಪೇಸ್ಟ್ ರೂಪದಲ್ಲಿ ದುಬಾರಿ ಬೆಲೆಗೆ ಮರಳಿ ಬಂದಿದೆ. 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು, ಇದ್ದಿಲು ಸುರಕ್ಷಿತ ಎನ್ನುವುದಕ್ಕಾಗಲಿ ಹಲ್ಲು ಬಿಳುಪಾಗಿಸುತ್ತದೆ ಎನ್ನುವುದಕ್ಕಾಗಲಿ ಸಾಕಷ್ಟು ಆಧಾರವಿಲ್ಲ ಎಂದಿತು.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಓದುಗರಿಗೂ ಒಂದು ಮಾತು. ಮಹಾರಾಷ್ಟ್ರದಲ್ಲಿ ಹೊಗೆಸೊಪ್ಪು ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಿಶ್ರಿಯ ರೂಢಿ ಹೆಂಗಸರಲ್ಲೂ ಇದೆ. ಹೊಗೆಸೊಪ್ಪು ಬೆರೆತ ಟೂತ್‌ಪೇಸ್ಟ್ ಮತ್ತು ಹಲ್ಲುಪುಡಿಯನ್ನು ನಮ್ಮ ದೇಶ 1992ರಲ್ಲೇ ನಿಷೇಧಿಸಿದೆ. ಆದರೆ ಮನೆಯ ಬಾಣಲೆಯಲ್ಲಿ ಹುರಿಯುವುದನ್ನು ಯಾವ ಪೊಲೀಸರು ಬಂದು ನಿಲ್ಲಿಸಿಯಾರು? ಅದನ್ನು ಮನೆಯವರೇ ನಿಲ್ಲಿಸಬೇಕು. ಅದರಿಂದ ಬರುವುದು ಬಿಳುಪಲ್ಲ, ಚಟ. ಮುಂದೆ ಬಾಯಿಯ ಕ್ಯಾನ್ಸರಿನ ಭಯ.

ಉಜ್ಜದೆಯೇ ಬಿಳುಪು ತರುವ ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. 1960ರ ದಶಕದಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ದಂತವೈದ್ಯರೊಬ್ಬರು ವಸಡಿನ ಹುಣ್ಣಿಗೆಂದು ಪೆರಾಕ್ಸೈಡ್ ಔಷಧಿಯನ್ನು ಅಚ್ಚಿನಲ್ಲಿ ಹಾಕಿ ರಾತ್ರಿಯಿಡೀ ಹಲ್ಲಿಗೆ ತೊಡಿಸಿದರು. ವಸಡು ವಾಸಿಯಾಯಿತು, ಜೊತೆಗೆ ಹಲ್ಲೂ ಬೆಳ್ಳಗಾಯಿತು. 1989ರಲ್ಲಿ ಹೇವುಡ್ ಮತ್ತು ಹೇಮನ್ ಎಂಬ ವೈದ್ಯರು ಈ ವಿಧಾನವನ್ನು ಲೇಖನವಾಗಿ ಪ್ರಕಟಿಸಿದರು. ಇಂದು ಅಂಗಡಿಯಲ್ಲಿ, ಮೊಬೈಲಿನಲ್ಲಿ ಮಾರುವ 'ಮನೆಯಲ್ಲೇ ಬಿಳುಪು' ಕಿಟ್‌ಗಳ ಹಿಂದೆ ಇರುವುದು ಈ ಕಥೆಯೇ.

ಅಳತೆ ಸರಿಯಿದ್ದು ವೈದ್ಯರ ಕಣ್ಣಿದ್ದರೆ ದೊಡ್ಡವರಿಗೆ ಇದರಿಂದ ಅಷ್ಟು ಅಪಾಯವಿಲ್ಲ. ಕೆಲವು ದಿನ ಹಲ್ಲು ಜುಮ್ಮೆನ್ನಬಹುದು, ವಸಡು ಉರಿಯಬಹುದು. ಅಳತೆ ತಪ್ಪಿದರೆ ವಸಡು ಸುಡುತ್ತದೆ. ಯುರೋಪಿನ ದೇಶಗಳ ಒಕ್ಕೂಟ 2011ರಲ್ಲಿ ನಿಯಮ ಮಾಡಿ, ಶೇ. 0.1ಕ್ಕಿಂತ ಹೆಚ್ಚು, ಶೇ. 6ರವರೆಗೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ಸಾಮಗ್ರಿಯನ್ನು ದಂತವೈದ್ಯರಿಗೆ ಮಾತ್ರ ಮಾರಬೇಕು, 18 ವರ್ಷದೊಳಗಿನವರಿಗೆ ಬಳಸಬಾರದು ಎಂದಿತು. ನಮ್ಮ ಹತ್ತನೇ ತರಗತಿಯ ಮಕ್ಕಳಿಗೆ ಹದಿನೈದು, ಹದಿನಾರು ವರ್ಷ ಎನ್ನುವುದನ್ನು ಮರೆಯಬಾರದು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಬಂದಾಗ ಅಲ್ಲೇ ಹುಟ್ಟಿ ಬೆಳೆದ ಬಹಳ ಜನರ ಹಲ್ಲಲ್ಲಿ ಕಂದು ಕಲೆ ಕಂಡ. ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಅದು ಇರಲಿಲ್ಲ. ಕಾರಣ ನೀರಿನಲ್ಲೇ ಇದೆ ಎಂಬ ಗುಮಾನಿ ಅವನಿಗೆ ಬಲವಾಯಿತು. ಐಡಹೋ ರಾಜ್ಯದ ಓಕ್ಲಿ ಎಂಬ ಊರು 1925ರಲ್ಲಿ ಅವನ ಮಾತು ಕೇಳಿ ಕುಡಿಯುವ ನೀರಿನ ಮೂಲವನ್ನೇ ಬದಲಿಸಿತು. ಆಮೇಲೆ ಹುಟ್ಟಿದ ಮಕ್ಕಳ ಹಲ್ಲು ಕಲೆಯಿಲ್ಲದೆ ಬಂತು! ಬಾಕ್ಸೈಟ್ ಎಂಬ ಊರಿನಲ್ಲಿ ಇದರ ತಿರುಗುಮುರುಗು. 1909ರಲ್ಲಿ ಅಲ್ಲಿ ಆಳದ ಬಾವಿಯ ನೀರು ಬಂದ ಮೇಲೆ ಬೆಳೆದ ಮಕ್ಕಳಿಗೆ ಕಲೆ ಶುರುವಾಗಿತ್ತು. 1931ರಲ್ಲಿ ಚರ್ಚಿಲ್ ಎಂಬ ರಸಾಯನ ವಿಜ್ಞಾನಿ ಆ ನೀರನ್ನು ಪರೀಕ್ಷಿಸಿ ಕಾರಣ ಹೇಳಿದ: ಫ್ಲೋರೈಡ್.

ನಮ್ಮ ಕಡೆ ಇದು ಬೆಳಕಿಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. 1937ರಲ್ಲಿ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರೆಸಿಡೆನ್ಸಿಯ ನೆಲ್ಲೂರು ಜಿಲ್ಲೆಯ ಫ್ಲೋರೋಸಿಸ್ ಬಗ್ಗೆ ವರದಿ ಮಾಡಿದರು. ಆಗ ನಮ್ಮ ಅನಂತಪುರ ಜಿಲ್ಲೆ, ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ, ಎಲ್ಲವೂ ಅದೇ ಪ್ರೆಸಿಡೆನ್ಸಿಯಲ್ಲಿದ್ದವು. ಗಡಿ 1953ರಲ್ಲಿ ಬದಲಾಯಿತು, ನೆಲದೊಳಗಿನ ಬಂಡೆ ಬದಲಾಗಲಿಲ್ಲ. ಆ ಬಂಡೆಯ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ಅಜ್ಜಿಯ ಬಾಲ್ಯ ಕೆರೆಯ ನೀರು, ಮೇಲಿನ ಸೇದುವ ಬಾವಿಯ ನೀರಿನಲ್ಲಿ ಕಳೆಯಿತು. ಮೊಮ್ಮಗಳದ್ದು ಆಳದ ಬೋರಿನ ನೀರಿನಲ್ಲಿ.

ಅಜ್ಜಿಯ ಹಲ್ಲಲ್ಲಿ ಕಲೆ ಇಲ್ಲದ್ದು ಇಟ್ಟಿಗೆ ಪುಡಿಯ ಪುಣ್ಯವಲ್ಲ, ನೀರಿನ ಪುಣ್ಯ. ಇಟ್ಟಿಗೆ ಪುಡಿ ಮಾಡಿದ್ದೇನೆಂದು ಆಮೇಲೆ ಗಮನಿಸಿದೆವು. ಅವರ ಹಲ್ಲು ಮೊಂಡಾಗಿ ಸವೆದಿತ್ತು, ವಸಡು ಮೇಲಕ್ಕೆ ಸರಿದಿತ್ತು.

ಈ ಕಲೆ ಹಲ್ಲಿನ ಮೇಲೆ ಕೂತದ್ದಲ್ಲ. ಸುಮಾರು ಎಂಟು ವರ್ಷದೊಳಗೆ, ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುವಾಗಲೇ ಎನಾಮಲ್ಲಿನಲ್ಲಿ ಸೇರಿಕೊಂಡದ್ದು. ಉಜ್ಜಿ ತೆಗೆಯಲು ಅದು ಕೊಳೆಯಲ್ಲ. ಬೇಕೇ ಬೇಕು ಎನಿಸಿದರೆ ದಂತವೈದ್ಯರಲ್ಲಿ ಅಳತೆಯ ಚಿಕಿತ್ಸೆ ಇದೆ, ಹಲ್ಲಿನ ಬಣ್ಣದ ಲೇಪವಿದೆ. ಮನೆಯಲ್ಲಿ ಮಾಡಬೇಕಾದ್ದು ಮೆತ್ತನೆಯ ಬ್ರಷ್ಷು, ಸಾದಾ ಪೇಸ್ಟು, ದಿನಕ್ಕೆರಡು ಸಲ, ಅಷ್ಟೇ. ಪುಟ್ಟ ಮಕ್ಕಳು ಪೇಸ್ಟ್ ನುಂಗದಂತೆ ನೋಡಿಕೊಳ್ಳಿ.

ದೊಡ್ಡ ಕೆಲಸ ಇರುವುದು ನೀರಿನಲ್ಲಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಾಗ 1.5ರವರೆಗೆ ಮಾತ್ರ. ಕುದಿಸಿದರೆ ಅದು ಹೋಗುವುದಿಲ್ಲ, ಇನ್ನೂ ಗಾಢವಾಗುತ್ತದೆ. ಆರ್‌ಓ ಯಂತ್ರ ತೆಗೆಯುತ್ತದೆ. ಸ್ಫಟಿಕ ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನವೂ ಇದೆ, ನಾಗಪುರದ ನೀರಿ ಸಂಸ್ಥೆ ರೂಪಿಸಿದ್ದು. ಮಳೆನೀರು ಹಿಡಿದಿಡುವುದು ಎಲ್ಲಕ್ಕಿಂತ ಸರಳ. ನಿಮ್ಮ ಶಾಲೆಯ ಬೋರಿನ ನೀರನ್ನು ಪರೀಕ್ಷೆಗೆ ಕಳಿಸಿದ್ದೀರಾ? ಇಲ್ಲವಾದರೆ ಈ ವಾರವೇ ಕಳಿಸಿ. ಒಂದನೇ ತರಗತಿಯ ಮಕ್ಕಳ ಹಲ್ಲಿಗೆ ಇನ್ನೂ ಕಾಲ ಮಿಂಚಿಲ್ಲ.

ಆ ವರ್ಷದ ಫೋಟೋ ನಮ್ಮ ಸ್ಟಾಫ್ ರೂಮಿನ ಗೋಡೆಯ ಮೇಲಿದೆ. ಆ ಹುಡುಗಿ ಅದರಲ್ಲಿ ನಗುತ್ತಿಲ್ಲ. ಆಮೇಲೆ ನಾವು ಯಾವ ಮಗುವಿಗೂ ಪ್ರಾರ್ಥನೆಯ ಸಾಲಿನಲ್ಲಿ ಹಲ್ಲಿನ ವಿಷಯಕ್ಕೆ ಗದರಿಲ್ಲ.